ಗೇಟಿನಿಂದ ತಿರುವಿನ ತನಕ

ಹಲ್ಲುಜ್ಜುವಾಗಲೇ ಅವನಿಗೆ ಅನ್ನಿಸಿತು, ಇವತ್ತೊಂದು ಜ್ವರ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ದೊಡ್ಡ ಜ್ವರವೇನೂ ಬೇಕಿರಲಿಲ್ಲ. ಹಣೆ ಮುಟ್ಟಿದವರು ‘ಅಯ್ಯೋ, ಹೋಗಿ ಮಲಕ್ಕೊಳ್ಳಿ’ ಎನ್ನುವಷ್ಟಿದ್ದರೆ ಸಾಕಿತ್ತು. ಬಚ್ಚಲಿನ ಕಿಟಕಿಯ ಬೆಳಕಿಗೆ ನಾಲಿಗೆ ಚಾಚಿ ನೋಡಿಕೊಂಡ. ನಾಲಿಗೆಗೆ ಏನೂ ಆಗಿರಲಿಲ್ಲ. ಐವತ್ತು ದಾಟಿದವನ ನಾಲಿಗೆ ಇಷ್ಟು ಕೆಂಪಗೆ, ಇಷ್ಟು ಲವಲವಿಕೆಯಿಂದ ಇರಬಾರದು ಎಂದು ಅದರ ಮೇಲೇ ಸಿಟ್ಟು ಬಂತು. ನಾಡಿ ಹಿಡಿದ, ಅದೇನೋ ಓಡುತ್ತಿತ್ತು, ಆದರೆ ಅದು ಜ್ವರವಲ್ಲ, ಹೆದರಿಕೆ ಎಂಬುದು ಅವನಿಗೂ ಗೊತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಏನನ್ನೋ ಗುನುಗುತ್ತಿದ್ದಳು. ಭಾನುವಾರ ಬೆಳಗ್ಗೆ ಅವಳು ಗುನುಗುವುದು ಹೊಸದೇನಲ್ಲ, ಆದರೂ ಇವತ್ತಿನ ಗುನುಗಿನಲ್ಲಿ ಏನೋ ಸಿದ್ಧತೆ ಇದ್ದಂತೆ ಅವನಿಗೆ ಕೇಳಿಸಿತು. ತಿಂಡಿಯಾದ ಮೇಲೆ ಅವಳ ತಮ್ಮ ಬರುತ್ತಾನೆ, ವ್ಯಾನು ತರುತ್ತಾನೆ. ಶೆಡ್ಡಿನಲ್ಲಿರುವ ಹಳೇ ಮೋಟಾರ್‌ಸೈಕಲ್ಲು ಅವನ ಕಣ್ಣೆದುರಿಗೆ, ಮನೆಯ ಗೇಟಿನಿಂದ ಓಣಿಯ ತಿರುವಿನ ತನಕ, ಇಬ್ಬರನ್ನು ಹೊತ್ತು ಓಡಬೇಕು. ಓಡದಿದ್ದರೆ ಅದು ವ್ಯಾನು ಹತ್ತಬೇಕು. ಹಾಗೆಂದು ಮಾತಾಗಿತ್ತು.

ಮಾತು ಕೊಟ್ಟವನು ಬೇರೆ ಯಾರೂ ಅಲ್ಲ, ಅವನೇ. ಹೋದ ವಾರ ಭಾಮೈದ ಅಳತೆಪಟ್ಟಿ ತಂದು, ಮದುಮಗನಿಗೆ ಕೋಟು ಹೊಲಿಯುವ ದರ್ಜಿಯ ಹಾಗೆ ಗಾಡಿಯ ಸುತ್ತ ಮಂಡಿಯೂರಿ, ಹ್ಯಾಂಡಲ್ಲಿನಿಂದ ಹಿಂದಿನ ದೀಪದ ತನಕ ಅಳೆದಿದ್ದ. ಅವನದೊಂದು ಕಾಫಿ ಅಂಗಡಿ. ಹೊಸದಾಗಿ ಗೋಡೆಗಳ ಗಾರೆ ಕೆತ್ತಿಸಿ ಇಟ್ಟಿಗೆ ಕಾಣಿಸುವಂತೆ ಮಾಡಿಸಿದ್ದಾನೆ. "ಇಂಜಿನ್ ತೆಗೆದುಬಿಟ್ರೆ ಅರ್ಧ ಭಾರ ಇಳಿಯುತ್ತೆ ಭಾವ. ಇಟ್ಟಿಗೆ ಗೋಡೆಗೆ ದಪ್ಪ ಬೋಲ್ಟ್ ಹೊಡೆದು ನೇತು ಹಾಕ್ತೀನಿ, ಮೇಲೊಂದು ಹಳದಿ ದೀಪ. ಜನ ಕಾಫಿ ಕುಡೀತಾ ಫೋಟೋ ತಕ್ಕೋತಾರೆ. ಇಲ್ಲಿ ಯಾರ್ ನೋಡ್ತಾರೆ ಹೇಳಿ, ಇಲಿ ಬಿಟ್ರೆ?" ಎಂದ. ಇಂಜಿನ್ ತೆಗೆಯುವ ಮಾತು ಕೇಳಿ ಇವನಿಗೆ ಮೈಯೆಲ್ಲ ಉರಿದುಹೋಯಿತು. ಉರಿದಾಗ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಅವನು ಮುಚ್ಚಿಕೊಳ್ಳಲಿಲ್ಲ. "ಮುಂದಿನ ಭಾನುವಾರ ಬಾ. ಗೇಟಿಂದ ತಿರುವಿನ ತನಕ ಇಬ್ಬರನ್ನ ಕೂರಿಸ್ಕೊಂಡು ಹೋಗದೆ ಇದ್ರೆ ಇಂಜಿನ್ನೂ ತೆಗಿ, ಬೇಕಾದ್ರೆ ನನ್ನನ್ನೂ ಪಕ್ಕದಲ್ಲಿ ನೇತು ಹಾಕು," ಎಂದುಬಿಟ್ಟ. ಇಬ್ಬರನ್ನ ಎಂದು ಏಕೆ ಅಂದನೋ ಅವನಿಗೇ ತಿಳಿಯದು. ಒಬ್ಬ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು? ಬಡಾಯಿಯ ಮಾತಿಗೆ ಒಂದು ತೂಕವಿರಲಿ ಎಂದು ನಾಲಿಗೆ ತಾನೇ ಸೇರಿಸಿಕೊಂಡಿತ್ತು. ಇದೇ ನಾಲಿಗೆ, ಈಗ ಜ್ವರ ಬಾ ಎಂದರೆ ಬರಲೊಲ್ಲದು. "ಇಬ್ರು ಅಂದ್ರೆ ಇನ್ನೊಬ್ರು ಯಾರು ಭಾವ?" ಎಂದು ಭಾಮೈದ ಕೇಳಿದಾಗ ಅಮ್ಮ ಕಿಟಕಿಯ ಒಳಗಿನಿಂದ "ನನ್ನನ್ನ ನೋಡ್ಬೇಡಪ್ಪ, ನಾನು ಇನ್ನೂ ಸ್ವಲ್ಪ ದಿನ ಬದುಕಬೇಕು ಅಂತಿದೀನಿ," ಎಂದಳು. ಆಗ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಉಪ್ಪು ಸಾಕಾ ಎಂದು ಕೇಳುವವಳಂತೆ ಹೇಳಿದಳು: "ನಾನೇ ಕೂರ್ತೀನಿ. ಇನ್ಯಾರು ಕೂರ್ತಾರೆ?"

ಗಾಡಿ ಹೋಗುತ್ತದೆಂಬ ಹೆದರಿಕೆ ಒಂದು ತೂಕವಾದರೆ ಇದು ಇನ್ನೊಂದು ತೂಕ. ಮದುವೆಯಾದ ಹೊಸತರಲ್ಲಿ ಅವಳು ಒಂದೇ ಒಂದು ಸಲ ಈ ಗಾಡಿಯಲ್ಲಿ ಅವನ ಹಿಂದೆ ಕೂತಿದ್ದಳು. ಪೆಟ್ರೋಲ್ ಬಂಕಿನಿಂದ ಹೊರಗೆ ತಿರುಗುವಾಗ, ನೆಲದ ಮೇಲೆ ಚೆಲ್ಲಿದ್ದ ಎಣ್ಣೆಗೆ ಮುಂದಿನ ಚಕ್ರ ಜಾರಿ, ಗಾಡಿ ನಿಧಾನವಾಗಿ, ಅವಸರವೇ ಇಲ್ಲದೆ ಒಂದು ಕಡೆಗೆ ವಾಲಿತು. ನಿಧಾನವಾಗಿ ಎಂಬುದೇ ಅವನನ್ನು ತಿನ್ನುವುದು. ಯೋಚನೆ ಮಾಡಲು ಸಮಯವಿತ್ತು. ಕಾಲು ಊರಬಹುದಿತ್ತು, ಹ್ಯಾಂಡಲ್ ಎಳೆದು ಹಿಡಿಯಬಹುದಿತ್ತು, ಕಡೇಪಕ್ಷ ಜೊತೆಗೆ ಬೀಳಬಹುದಿತ್ತು. ಅವನು ಮಾಡಿದ್ದೇನೆಂದರೆ, ಹಾರಿದ. ಎರಡೂ ಕೈ ಬಿಟ್ಟು, ಬೇಲಿ ಹಾರುವ ಮೇಕೆಯ ಹಾಗೆ ಟ್ಯಾಂಕಿನ ಮೇಲಿಂದ ಹಾರಿ ಹುಲ್ಲಿನ ಮೇಲೆ ಎರಡೂ ಕಾಲಲ್ಲಿ ನಿಂತ. ಹಿಂತಿರುಗಿ ನೋಡಿದರೆ ಅವಳು ಗಾಡಿಯ ಜೊತೆ ನೆಲದ ಮೇಲಿದ್ದಳು, ಮೊಣಕೈ ತರಚಿತ್ತು, ಮತ್ತು ನಗುತ್ತಿದ್ದಳು. ಆಮೇಲೆ ಮದುವೆಮನೆ, ನಾಮಕರಣ, ಯಾರದೋ ಗೃಹಪ್ರವೇಶ, ನಾಲ್ಕು ಜನ ಕೂತಲ್ಲೆಲ್ಲ ಅವಳು ಈ ಕಥೆ ಹೇಳಿದ್ದಾಳೆ. "ಪಾಪ, ಗಾಡಿ ಇವರನ್ನ ಎತ್ತಿ ಎಸೀತು ಕಣ್ರೀ, ಹುಲ್ಲಿನ ಮೇಲೆ ಹೋಗಿ ಬಿದ್ರು," ಎನ್ನುತ್ತಾಳೆ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಾರೆ. ಎತ್ತಿ ಎಸೆಯಿತು. ಅವಳಿಗೆ ಹಾಗೆಯೇ ಕಂಡಿತ್ತೇ? ಅಥವಾ ಗೊತ್ತಿದ್ದೂ, ಜಟ್ಟಿ ಬಿದ್ದರೂ ಮೀಸೆಗೆ ಮಣ್ಣಾಗದಿರಲಿ ಎಂದು ಹೇಳುತ್ತಾಳೆಯೇ? ಕೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದಾನೆ. ತೆರೆದ ಬಾಯಿಗೆ ಅವಳು ಏನಾದರೂ ತಿನ್ನಲು ಹಾಕಿದ್ದಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೇ ಹಾರು ಎಂಬ ಶಬ್ದ ಆಡಿದರೂ ಹೆಗಲು ಮುಟ್ಟಿಕೊಳ್ಳುವವನು. ಸೊಳ್ಳೆ ಹಾರಿತು ಎಂದರೂ ಕಿವಿ ಬಿಸಿಯಾಗುತ್ತದೆ.

ಗಾಡಿಗೆ ಏನೂ ಆಗಿರಲಿಲ್ಲ ಅವತ್ತು. ಒಂದು ಕನ್ನಡಿ ಮುರಿದಿತ್ತು, ಅಷ್ಟೇ. ಆದರೂ ಅವನು ತಳ್ಳಿಕೊಂಡು ಬಂದು ಶೆಡ್ಡಿಗೆ ಹಾಕಿದ, "ಸ್ವಲ್ಪ ಕೆಲಸ ಇದೆ," ಎಂದ. ಆ ಸ್ವಲ್ಪ ಕೆಲಸ ಇವತ್ತಿಗೂ ಮುಗಿದಿಲ್ಲ. ಮೊದಲು ಬ್ರೇಕು, ಹಳೇ ಬ್ರೇಕು ಹಿಡಿಯುವುದಕ್ಕಿಂತ ಹೆಚ್ಚು ಅಳುತ್ತಿತ್ತು, ತೆಗೆದು ಹೊಸ ಕಾಲದ ತಟ್ಟೆ ಬ್ರೇಕು ಕೂರಿಸಿದ. ಕೂರಿಸಿದ ಮೇಲೆ ಮುಂದಿನ ಫೋರ್ಕು ಅದಕ್ಕೆ ಬಡವಾಗಿ ಕಂಡಿತು, ಅದನ್ನು ಬದಲಿಸಿದ. ಹೆಡ್‌ಲೈಟು ಮಿಣುಕುಹುಳದಂತಿತ್ತು, ಬ್ಯಾಟರಿ ದೊಡ್ಡದು ಮಾಡಿ ಇಡೀ ವೈರಿಂಗ್ ಹೊಸದಾಗಿ ಎಳೆದ. ಆಮೇಲೆ ಕಾರ್ಬುರೇಟರ್, ಸೈಲೆನ್ಸರ್, ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ. ಒಂದನ್ನು ಸರಿಮಾಡಿದರೆ ಅದರ ಪಕ್ಕದ್ದು ನಾಚಿಕೊಳ್ಳುತ್ತಿತ್ತು. ಓಣಿಯವರು ಕೇಳಿ ಕೇಳಿ ಸುಸ್ತಾದರು: "ಯಾವಾಗ ಸಾರ್ ಹೊರಗೆ ಬರೋದು?" "ಇನ್ನೊಂಚೂರು ಕೆಲಸ ಇದೆ." ಓಣಿಯಲ್ಲಿ ಅವನಿಗೆ ಇನ್ನೊಂಚೂರು ಎಂದೇ ಹೆಸರಾಯಿತು, ಅಂಚೆಯವನೂ ಒಂದು ದಿನ "ಇನ್ನೊಂಚೂರು ಸಾಹೇಬ್ರಿಗೆ ಒಂದು ಪಾರ್ಸಲ್ಲು," ಎಂದು ಕೂಗಿ ನಾಲಿಗೆ ಕಚ್ಚಿಕೊಂಡ. ಅಮ್ಮ ಸೊಸೆಗೆ ಗಾಡಿಯನ್ನು "ನಿನ್ನ ಸವತಿ" ಎಂದೇ ಹೇಳುವುದು. "ನಿನ್ನ ಸವತಿಗೆ ಇವತ್ತು ಏನು ಹಾಕಿದ್ನೇ? ಮೂಗುತಿಯಾ?" ಎಂದು ಕೇಳುತ್ತಾಳೆ. "ಹೊಸ ಪ್ಲಗ್ಗು ಅತ್ತೆ," ಎನ್ನುತ್ತಾಳೆ ಹೆಂಡತಿ. ಇಬ್ಬರೂ ನಗುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಾಡಿ ಮುಗಿದರೆ ಅದನ್ನು ಓಡಿಸಬೇಕಾಗುತ್ತದೆ, ಓಡಿಸಿದರೆ ಅವಳು ಹಿಂದೆ ಕೂರುತ್ತಾಳೆ, ಕೂತರೆ ಎಂದಾದರೊಂದು ದಿನ ಅದು ವಾಲುತ್ತದೆ, ವಾಲಿದರೆ ಅವನು ಮತ್ತೆ ಹಾರುತ್ತಾನೋ ಇಲ್ಲವೋ ಎಂಬುದು ಗೊತ್ತಾಗಿಬಿಡುತ್ತದೆ. ಅದು ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ. ಹೀಗಾಗಿ ಇನ್ನೊಂಚೂರು ಕೆಲಸ ಯಾವಾಗಲೂ ಉಳಿದಿರುತ್ತಿತ್ತು.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಬಂದವರ ಕಣ್ಣು ಪರೀಕ್ಷೆಯನ್ನೂ ಮಾಡುತ್ತಾನೆ. ದಿನವಿಡೀ ಗಾಜು ಬದಲಿಸುತ್ತ "ಇದು ಸ್ಪಷ್ಟನಾ, ಇದಾ? ಈಗ? ಈಗ?" ಎಂದು ಕೇಳಿ ಕೇಳಿ, ಮನೆಯಲ್ಲಿ ಹೆಂಡತಿ ಎರಡು ಸೀರೆ ತೋರಿಸಿ ಯಾವುದು ಎಂದರೂ "ಮೊದಲನೇದು ಇನ್ನೊಂದ್ಸಲ ತೋರಿಸು," ಎನ್ನುತ್ತಾನೆ. ಅಂಗಡಿಯ ಕೋಣೆ ಚಿಕ್ಕದು, ಅಕ್ಷರದ ಹಲಗೆ ಇಡಲು ಬೇಕಾದಷ್ಟು ದೂರ ಸಿಗುವುದಿಲ್ಲ. ಅದಕ್ಕೆ ಹಲಗೆಯನ್ನು ಕೂತವರ ತಲೆಯ ಹಿಂದೆ ನೇತುಹಾಕಿ ಎದುರು ಗೋಡೆಗೆ ಕನ್ನಡಿ ಇಟ್ಟಿದ್ದಾರೆ. ಜನ ಕನ್ನಡಿಯಲ್ಲಿ ಓದುತ್ತಾರೆ. ಕನ್ನಡಿಯ ಜೊತೆ ಬಾಳಿದವನು ಅವನು, ಕನ್ನಡಿಯೆಂದರೆ ಅವನಿಗೆ ಇನ್ನೊಂದು ಕಣ್ಣಿದ್ದ ಹಾಗೆ. ನಿನ್ನೆ ಶನಿವಾರ ಒಬ್ಬ ಮುದುಕ ಬಂದು, ಹೊಸ ಕನ್ನಡಕ ಹಾಕಿದರೆ ನೆಲ ವಾಲುತ್ತದೆ ಎಂದು ದೂರಿದ. "ನೆಲ ವಾಲಲ್ಲ ತಾತ, ನೀವೇ ವಾಲ್ತಿದೀರ," ಎಂದು ಅಂಗಡಿಯ ಯಜಮಾನ ನಗಾಡಿದ. ಅವನಿಗೆ ನಗು ಬರಲಿಲ್ಲ. ವಾಲುವುದು ಎಂಬ ಮಾತು ಆ ಇಡೀ ದಿನ ಅವನ ಕಿವಿಯಲ್ಲಿ ಸುತ್ತಿತು. ಮುದುಕನ ಗಾಜನ್ನು ಮತ್ತೆ ಮತ್ತೆ ಒರೆಸಿ, ನೋಡಿ, ಏನೂ ತಪ್ಪು ಕಾಣದೆ ಹಾಗೆಯೇ ವಾಪಸು ಕೊಟ್ಟ. ಮುದುಕ ಹಾಕಿಕೊಂಡು, "ಹಾಂ, ಈಗ ಸರಿಯಾಯ್ತು," ಎಂದು ಹರಸಿ ಹೋದ.

ಗಾಜು ಉಜ್ಜುವ ನುಣುಪು ಪುಡಿಯನ್ನೇ ಮನೆಗೆ ತಂದು ಅವನು ಸಿಲಿಂಡರಿನ ಒಳದಾರಿಗಳನ್ನು ಉಜ್ಜಿದ್ದು. ಬೆರಳು ಇಟ್ಟರೆ ಜಾರಬೇಕು, ಹಾಗೆ. ಕೊನೆಯದಾಗಿ ಉಳಿದಿದ್ದು ಕಿಡಿ. ಪಿಸ್ಟನ್ನು ಮೇಲಿನ ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಅದಕ್ಕೆ ಇಂಜಿನ್ನಿನ ಬಲಗಡೆ ಒಂದು ತಿರುಗುವ ಚಕ್ರದ ಮೇಲೆ ಗೆರೆ, ಪಕ್ಕದಲ್ಲಿ ಅಲುಗದ ಇನ್ನೊಂದು ಗೆರೆ. ಈ ಗೆರೆ ಆ ಗೆರೆಯ ಎಡಕ್ಕೆ ಬಂದಾಗ ಕಿಡಿ ಹಾರುವಂತೆ ಕೂರಿಸಬೇಕು. ಗಾಡಿಯ ಬಲಗಡೆ ಗೋಡೆ. ಗಾಡಿ ಹೊರಗೆ ಎಳೆದರೆ ಕೆಲಸ ಸುಲಭ, ಆದರೆ ಎಳೆದರೆ ಅಮ್ಮನ ಕಿಟಕಿ ಎದುರಾಗುತ್ತದೆ, ಓಣಿಯವರು ಬರುತ್ತಾರೆ, ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳುತ್ತಾರೆ. ಅವನು ಅಂಗಡಿಯಿಂದ ತಂದ ಒಂದು ಪುಟ್ಟ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ಗೋಡೆಗೂ ಇಂಜಿನ್ನಿಗೂ ನಡುವೆ ತೂರಿಸಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಿದ. ಗೆರೆ ಗೆರೆಯ ಎಡಕ್ಕೆ ಬಂದು ನಿಂತಿತು. ಎಷ್ಟು ಚೊಕ್ಕವಾಗಿ ಬಂತೆಂದರೆ ಅವನಿಗೆ ತನ್ನ ಮೇಲೇ ಪ್ರೀತಿ ಬಂತು. ಅಂಗಡಿಯ ಹಲಗೆಯ ಮೇಲೆ ಅಕ್ಷರಗಳನ್ನು ಮೊದಲೇ ತಿರುಗುಮುರುಗಾಗಿ ಬರೆಸಿರುತ್ತಾರೆ, ಅದಕ್ಕೇ ಕನ್ನಡಿಯಲ್ಲಿ ಅವು ನೆಟ್ಟಗೆ ಕಾಣುವುದು ಎಂಬುದು ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೇ ಗೊತ್ತಿರಬೇಕು. ಆ ಹೊತ್ತಿನಲ್ಲಿ ಅದು ಅವನ ತಲೆಗೆ ಬರಲಿಲ್ಲ. ನಿನ್ನೆ ಸಂಜೆ ಕಿಕ್ ಹೊಡೆದ. ಅರೆಮನಸ್ಸಿನ ಕಿಕ್ಕು; ಹೊತ್ತದಿದ್ದರೆ ಒಳ್ಳೆಯದೆಂದು ಒಳಗೆ ಏನೋ ಒಂದು ಅವನ ಕಾಲನ್ನು ಹಿಂದಕ್ಕೆ ಎಳೆಯುತ್ತಿತ್ತು. ಆದರೂ ಅದು ಹೊತ್ತಿಕೊಂಡಿತು. ಹೊತ್ತಿಕೊಂಡು, ನೀಲಿ ಹೊಗೆ ಬಿಟ್ಟು, ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡತೊಡಗಿತು. ಗೇರ್ ಹಾಕಲು ಶೆಡ್ಡಿನಲ್ಲಿ ಜಾಗವಿರಲಿಲ್ಲ. ಅಮ್ಮ ಒಳಗಿನಿಂದ ಕೆಮ್ಮುತ್ತ, "ಸೊಳ್ಳೆ ಓಡಿಸ್ತಿದ್ದೀಯೇನೋ?" ಎಂದಳು. ಹೆಂಡತಿ ಬಾಗಿಲಿಗೆ ಬಂದು, "ನಾಳೆ ಯಾವ ಚಪ್ಪಲಿ ಹಾಕ್ಕೊಳ್ಲಿ?" ಎಂದು ಕೇಳಿದಳು.

ಚಪ್ಪಲಿಯಲ್ಲ, ಇವತ್ತು ಅವಳು ಬೂಟು ಹಾಕಿಕೊಂಡಿದ್ದಳು. ಬೆಳಗಿನ ವಾಕಿಂಗಿನ ಬೂಟು, ಸೀರೆಯ ಬದಲು ಚೂಡಿದಾರ, ಕೂದಲು ಬಿಗಿಯಾಗಿ ಕಟ್ಟಿದ್ದಳು. ತಿಂಡಿಗೆ ಕೂತವನು ಅದನ್ನೇ ನೋಡಿದ. ಬೀಳುವುದಕ್ಕೇ ತಯಾರಾದ ಹಾಗಿದ್ದಾಳಲ್ಲ ಎಂದುಕೊಂಡ. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಾಳೆ. ಒಂದು ದಿನ ಮಧ್ಯಾಹ್ನ ಅವನು ಆ ಕಡೆ ಹೋಗಿದ್ದಾಗ, ಬಸ್ ನಿಲ್ದಾಣದಲ್ಲಿ ಅವಳು ನಿಂತಿದ್ದನ್ನು ಎದುರು ಬದಿಯಿಂದ ನೋಡಿದ್ದ. ಒಬ್ಬ ಗಂಡಸು, ಹಿಂದೆ ಒಬ್ಬ ಹೆಂಗಸು, ಬೈಕಿನಲ್ಲಿ ಏನೋ ಜಗಳವಾಡುತ್ತ ಹೋದರು. ಅವಳು ಅವರು ಮರೆಯಾಗುವ ತನಕ ಕತ್ತು ತಿರುಗಿಸಿ ನೋಡಿದಳು. ಅವನು ರಸ್ತೆ ದಾಟಿ ಹೋಗಿ ಮಾತಾಡಿಸಲಿಲ್ಲ. ಕಂಬದ ಹಿಂದೆ ನಿಂತು, ಬಸ್ಸು ಬಂದು ಅವಳು ಹತ್ತಿದ ಮೇಲೆ ಹೊರಗೆ ಬಂದ. ಆ ಕಂಬದ ಹಿಂದೆ ನಿಂತದ್ದು ಹುಲ್ಲಿನ ಮೇಲೆ ಹಾರಿದ್ದಕ್ಕಿಂತ ದೊಡ್ಡ ತಪ್ಪು ಎಂದು ಕೆಲವು ರಾತ್ರಿ ಅವನಿಗೆ ಅನ್ನಿಸುತ್ತದೆ. ಈಗ ಅವಳು ತಟ್ಟೆಗೆ ಇನ್ನಷ್ಟು ಬಡಿಸಲು ಬಂದಾಗ, "ಸಾಕು," ಎಂದ. "ಸ್ವಲ್ಪ ತಿನ್ರೀ, ಭಾರ ಬೇಕಲ್ಲ, ಇಲ್ಲಾಂದ್ರೆ ಮತ್ತೆ ಎತ್ತಿ ಎಸೆಯುತ್ತೆ," ಎಂದು ಅವಳು ನಕ್ಕಳು. ಅವನೂ ನಕ್ಕ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

ಭಾಮೈದ ಬಂದ. ವ್ಯಾನನ್ನು ಓಣಿಯಲ್ಲಿ, ಗೇಟು ದಾಟಿದ ಮೇಲೆ, ತಿರುವಿಗೆ ಬೆನ್ನು ಮಾಡಿ ನಿಲ್ಲಿಸಿದ. ನಿಲ್ಲಿಸಿದವನು ಸುಮ್ಮನಿರಲಿಲ್ಲ, ಹಿಂದಿನ ಬಾಗಿಲು ತೆಗೆದು, ಗಾಡಿ ಹತ್ತಿಸಲು ತಂದಿದ್ದ ಅಗಲವಾದ ಹಲಗೆಯನ್ನು ಇಳಿಬಿಟ್ಟು, ಹಗ್ಗವನ್ನೂ ಬಿಚ್ಚಿಟ್ಟ. "ಇಷ್ಟು ಅವಸರ ಏನಪ್ಪ?" ಎಂದಳು ಅಕ್ಕ. "ಅವಸರ ಏನಿಲ್ಲ ಅಕ್ಕ, ಆಮೇಲೆ ಭಾವನಿಗೆ ದುಃಖ ಆಗಿರುತ್ತೆ, ಆ ಹೊತ್ತಲ್ಲಿ ಹಲಗೆ ಹುಡುಕ್ತಾ ಕೂರಕ್ಕಾಗುತ್ತಾ?" ಎಂದ ಅವನು. ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕಲು ಬಂದವರು ಬಟ್ಟೆ ಮರೆತು ನಿಂತರು. ಅಮ್ಮ ಕಿಟಕಿಯ ಬಳಿ ಕುರ್ಚಿ ಎಳೆಸಿಕೊಂಡು ಕೂತಳು. ಅವನು ಶೆಡ್ಡಿನಿಂದ ಗಾಡಿ ತಳ್ಳಿಕೊಂಡು ಬಂದು, ಗೇಟಿನ ಮುಂದೆ, ತಿರುವಿನ ಕಡೆ ಮುಖ ಮಾಡಿ ನಿಲ್ಲಿಸಿದ. ಬಿಸಿಲಿನಲ್ಲಿ ಅದು ಅವನಿಗೇ ಅಪರಿಚಿತವಾಗಿ ಕಂಡಿತು. ಶೆಡ್ಡಿನ ಬಲ್ಬಿನ ಬೆಳಕಿನಲ್ಲಿ ಕಪ್ಪು ಎಂದುಕೊಂಡಿದ್ದ ಬಣ್ಣ ನಿಜವಾಗಿ ಕಡು ಹಸಿರು. ಇಷ್ಟು ದಿನ ನಾನು ಇದನ್ನು ಒಂದು ಸಲವೂ ನೋಡಿಲ್ಲವಲ್ಲ ಎಂದು ಕಸಿವಿಸಿಯಾಯಿತು. ಕಿಕ್ ಹೊಡೆದ. ಇದೂ ಅರೆಮನಸ್ಸಿನ ಕಿಕ್ಕೇ. ಹೊತ್ತಿಕೊಂಡಿತು. ಭಾಮೈದನ ಹುಬ್ಬು ಮೇಲೇರಿತು. ಅದು ಇವನ ಪಾಲಿಗೆ ಒಂದು ಕ್ಷಣದ ಸ್ವರ್ಗ. ಹೆಂಡತಿ ಒಂದು ಕಾಲು ಎತ್ತಿ, ಗಂಡಸರ ಹಾಗೆ, ಹಿಂದೆ ಕೂತಳು. ಹೆಗಲ ಮೇಲೆ ಕೈ ಇಡುತ್ತಾಳೆಂದು ಕಾದ. ಅವಳು ಕೈ ಇಟ್ಟದ್ದು ಅವನ ಸೊಂಟದ ಬೆಲ್ಟಿನ ಮೇಲೆ, ಬೆರಳು ಒಳಗೆ ತೂರಿಸಿ ಬಿಗಿಯಾಗಿ. ಹೆದರಿದ್ದಾಳೆ ಪಾಪ ಎಂದುಕೊಂಡ. ಕ್ಲಚ್ ಹಿಡಿದು ಮೊದಲನೇ ಗೇರ್ ಹಾಕಿ, ಕಣ್ಣನ್ನು ತಿರುವಿನ ಮೇಲಿಟ್ಟು, ಕ್ಲಚ್ ಬಿಟ್ಟ.

ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬುದು ಗಾದೆ. ಇಲ್ಲಿ ಎತ್ತೂ ಕೋಣವೂ ಒಂದೇ ಆಗಿ ಇಡೀ ಗಾಡಿ ಹಿಂದಕ್ಕೆ ಹೋಯಿತು. ಮೊದಲು ಅವನಿಗೆ ತಿಳಿಯಲಿಲ್ಲ. ಗೇಟು ಮುಂದಕ್ಕೆ ಓಡಿದಂತೆ, ಓಣಿಯೇ ತನ್ನನ್ನು ಬಿಟ್ಟು ಹೊರಟಂತೆ ಕಂಡಿತು. ನಾನು ಮುಂದಕ್ಕೆ ಹೋಗುತ್ತಿದ್ದೇನೆ, ಆದರೆ ತಿರುವು ದೂರವಾಗುತ್ತಿದೆ, ಏಕೆ? ಯಾರೋ ಕಿರುಚಿದರು. ಅಮ್ಮನಿರಬೇಕು. "ಬ್ರೇಕು, ಬ್ರೇಕು!" ಎಂದದ್ದು ಭಾಮೈದ. ಹಿಂದಿನ ಚಕ್ರ ಹಲಗೆಗೆ ತಗುಲಿ, ಅದನ್ನು ಹತ್ತತೊಡಗಿತು. ಗಾಡಿ ಮೆಲ್ಲಗೆ, ಅವಸರವೇ ಇಲ್ಲದೆ, ಒಂದು ಕಡೆಗೆ ವಾಲಿತು. ಇದೇ ನಿಧಾನ. ಇದೇ ಸಮಯ. ಅವನ ಎಡಗಾಲು ತಾನಾಗಿ ನೆಲ ಬಿಟ್ಟು ಮೇಲೆದ್ದದ್ದು ಅವನಿಗೆ ಕಂಡಿತು, ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದ. ಮೈ ಹಗುರಾಯಿತು, ಹ್ಯಾಂಡಲ್ ಮೇಲಿನ ಬೆರಳು ಬಿಚ್ಚಿಕೊಂಡವು. ಆಗ ಬೆಲ್ಟು ಹಿಂದಕ್ಕೆ ಜಗ್ಗಿತು, ಹೊಟ್ಟೆ ಕತ್ತರಿಸುವಷ್ಟು ಜೋರಾಗಿ. ಕಿವಿಯ ಪಕ್ಕದಲ್ಲೇ ಅವಳು ಹೇಳಿದಳು: "ಈ ಸಲ ಹಾರ್ಬೇಡಿ."

ಕಾಲು ಕೆಳಗೆ ಬಂತು. ನೆಲ ಸಿಕ್ಕಿತು. ಅವನು ಕ್ಲಚ್ ಹಿಡಿದು, ಎರಡೂ ತೊಡೆಯಿಂದ ಗಾಡಿಯನ್ನು ಒತ್ತಿ ಹಿಡಿದ. ಅವಳೂ ಆಚೆ ಕಾಲು ಊರಿದ್ದಳು. ಹಿಂದಿನ ಚಕ್ರ ಹಲಗೆಯ ಬುಡದಲ್ಲಿ, ಮುಂದಿನದು ರಸ್ತೆಯ ಮೇಲೆ, ಇಂಜಿನ್ನು ಮಾತ್ರ ಏನೂ ಆಗದವರ ಹಾಗೆ ಮೆತ್ತಗೆ ಹೊಡೆದುಕೊಳ್ಳುತ್ತಿತ್ತು. ಎಲ್ಲ ಇದ್ದಲ್ಲೇ ಇತ್ತು, ಅವನ ಮಾನ ಒಂದನ್ನು ಬಿಟ್ಟು. "ನೋಡಿ ಭಾವ, ತಾನಾಗೇ ವ್ಯಾನು ಹತ್ತಕ್ಕೆ ಬಂತು!" ಎಂದು ಭಾಮೈದ ಹೊಟ್ಟೆ ಹಿಡಿದುಕೊಂಡು ರಸ್ತೆಯ ಮೇಲೇ ಕೂತುಬಿಟ್ಟ. "ಇದಕ್ಕೂ ನನ್ನ ಅಂಗಡೀಲೇ ಇಷ್ಟ." ಎದುರು ಮಹಡಿಯಲ್ಲಿ ಚಪ್ಪಾಳೆಯಾಯಿತು. ಅವನಿಗೆ ಅದ್ಯಾವುದೂ ನಾಟಲಿಲ್ಲ. ಈ ಸಲ ಹಾರ್ಬೇಡಿ. ಈ ಸಲ. ಕತ್ತು ಹಿಂದಕ್ಕೆ ತಿರುಗಿಸದೆ, ತಿರುಗಿಸಲು ಧೈರ್ಯವಾಗದೆ, ತಗ್ಗಿದ ದನಿಯಲ್ಲಿ ಕೇಳಿದ: "ನಿಂಗೆ ಗೊತ್ತಿತ್ತಾ?"

"ನನ್ನ ಕಣ್ಣು ಚೆನ್ನಾಗೇ ಇದೆ ರೀ," ಎಂದಳು ಅವಳು. "ನಿಮ್ಮ ಅಂಗಡಿಗೆ ಯಾವತ್ತಾದ್ರೂ ಬಂದಿದೀನಾ?"

"ಮತ್ತೆ ಎಲ್ರ ಹತ್ರ ಎತ್ತಿ ಎಸೀತು ಅಂತಿದ್ದೆ?"

"ಇನ್ನೇನ್ ಅನ್ಲಿ? ಎರಡೂ ಕಾಲಲ್ಲಿ ಅಷ್ಟು ಚೆನ್ನಾಗಿ ನಿಂತ್ರಿ. ಯಾರಿಗೆ ಹೇಳಿದ್ರೆ ನಂಬ್ತಾರೆ?"

ಅವನಿಗೆ ಅಳು ಬಂದಂತಾಯಿತು, ನಗುವೂ ಬಂದಂತಾಯಿತು. ಇಷ್ಟು ವರ್ಷ ಅವನು ಅವಳಿಂದ ಬಚ್ಚಿಟ್ಟದ್ದನ್ನು ಅವಳು ಅವನಿಗಾಗಿಯೇ ಊರಿನಿಂದ ಬಚ್ಚಿಟ್ಟಿದ್ದಳು, ಅದೂ ಊರೆಲ್ಲ ಹೇಳಿಕೊಂಡು ತಿರುಗಿ. ಎಂಥ ಪೆದ್ದ ನಾನು ಎಂದುಕೊಂಡ. ಅದರ ಬೆನ್ನಿಗೇ ಗೆರೆ, ಕನ್ನಡಿ, ಎಡ, ಬಲ ಎಲ್ಲ ಹೊಳೆಯಿತು. ಕನ್ನಡಿಯಲ್ಲಿ ಎಡಕ್ಕೆ ಕಂಡದ್ದು ನಿಜದಲ್ಲಿ ಬಲಕ್ಕಿತ್ತು. ಮುಂಚೆ ಹಾರಬೇಕಾದ ಕಿಡಿ ಆಮೇಲೆ ಹಾರುತ್ತಿದೆ. ಈ ಗಾಡಿಯಂಥ ಹಳೇ ಟೂ ಸ್ಟ್ರೋಕ್ ಇಂಜಿನ್ನು ಬಲು ಸಾಧು, ಮುಂದಕ್ಕೆ ತಿರುಗುವುದು ಕಷ್ಟವಾದರೆ ಹಿಂದಕ್ಕೆ ತಿರುಗಿಕೊಂಡು ತನ್ನ ಪಾಡಿಗೆ ತಾನು ಓಡುತ್ತದೆ. ಅರೆಮನಸ್ಸಿನ ಕಿಕ್ಕು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿತು. ಗೆರೆಯನ್ನು ಸರಿಯಾದ ಕಡೆಗೆ ತಂದು ಕೂರಿಸಿದರೆ ಆಯಿತು. ಗಾಡಿ ನಿಲ್ಲಿಸಿ, ಶೆಡ್ಡಿಗೆ ತಳ್ಳಿ, ಬಾಗಿಲು ಹಾಕಿಕೊಂಡು. "ಇನ್ನೊಂಚೂರು..." ಎಂದು ಅವನ ಬಾಯಿ ತೆರೆಯಿತು. ಕಿಟಕಿಯಿಂದ ಅಮ್ಮ, "ಹಾಂ, ಬಂತು ನೋಡು! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು. ಭಾಮೈದ ಎದ್ದು ಪ್ಯಾಂಟಿನ ಧೂಳು ಕೊಡವಿ ಹಗ್ಗ ಕೈಗೆ ತೆಗೆದುಕೊಂಡ. ಹೆಂಡತಿ ಸೀಟಿನಿಂದ ಇಳಿಯಲಿಲ್ಲ. ಅವಳ ಬೆರಳು ಇನ್ನೂ ಬೆಲ್ಟಿನಲ್ಲೇ ಇದ್ದವು, ಆದರೆ ಹಿಡಿತ ಸಡಿಲವಾಗಿತ್ತು. ಬೇಕಾದರೆ ಹೋಗಿ ಎನ್ನುವಷ್ಟು ಸಡಿಲ.

ಅವನು ಬಾಯಿ ಮುಚ್ಚಿದ. ಗೇರನ್ನು ನ್ಯೂಟ್ರಲಿಗೆ ತಂದ. "ಒಂದು ನಿಮಿಷ ಇಳಿ," ಎಂದು ಅವಳಿಗೆ ಹೇಳಿ, ಇಂಜಿನ್ ನಿಲ್ಲಿಸದೆ, ತಾನೂ ಇಳಿದು, ಇಡೀ ಗಾಡಿಯನ್ನು ತಳ್ಳಿ ಮತ್ತೆ ಗೇಟಿನ ಮುಂದಕ್ಕೆ ತಂದು ತಿರುಗಿಸಿ ನಿಲ್ಲಿಸಿದ. ಈಗ ಅದರ ಮುಖ ವ್ಯಾನಿನ ಕಡೆ, ಬಾಲ ತಿರುವಿನ ಕಡೆ. ಬೆವರು ಕಣ್ಣಿಗಿಳಿಯಿತು. "ಭಾವ, ಏನಿದು?" ಎಂದ ಭಾಮೈದ. "ಹಿಂದಕ್ಕೆ ಹೋಗುತ್ತೆ ಅಷ್ಟೇ ತಾನೇ," ಎಂದ ಅವನು, "ಹೋಗುತ್ತಲ್ಲ." "ಹಿಂದೆ ಏನಿದೆ ಅಂತ ನಂಗೆ ಕಾಣಲ್ಲ," ಎಂದು ಹೆಂಡತಿಯ ಮುಖ ನೋಡಿದ. ಅವಳು ಗಾಡಿಯನ್ನೊಮ್ಮೆ, ತಿರುವನ್ನೊಮ್ಮೆ ನೋಡಿದಳು. ಆಮೇಲೆ ಬಂದು ಸೀಟಿನ ಮೇಲೆ ಉಲ್ಟಾ ಕೂತಳು, ಅವನ ಬೆನ್ನಿಗೆ ಬೆನ್ನು ಕೊಟ್ಟು, ತಿರುವಿಗೆ ಮುಖ ಮಾಡಿ. "ಹೂಂ," ಎಂದಳು.

"ಇದು ಲೆಕ್ಕಕ್ಕಿಲ್ಲ ಅಕ್ಕ!" ಎಂದು ಭಾಮೈದ ಕೂಗಿದ.

"ಯಾಕಿಲ್ಲ? ಮುಖ ಯಾವ ಕಡೆ ಇರ್ಬೇಕು ಅಂತ ನೀನು ಹೇಳಿದ್ಯಾ?"

ಅವನು ಕ್ಲಚ್ ಬಿಟ್ಟ. ಗಾಡಿ ಕುಲುಕಿ, ಹಿಂದಕ್ಕೆ, ಅಂದರೆ ತಿರುವಿನ ಕಡೆಗೆ ಹೊರಟಿತು. ಎರಡೂ ಕಾಲು ನೆಲಕ್ಕೆ ಸವರುತ್ತ, ಹ್ಯಾಂಡಲ್ ಎತ್ತ ತಿರುಗಿಸಿದರೆ ಬಾಲ ಎತ್ತ ಹೋಗುತ್ತದೆಂದು ತಿಳಿಯದೆ, ಅವನು ಕುರುಡನಂತೆ ಕೂತಿದ್ದ. "ಎಡಕ್ಕೆ," ಎಂದಳು ಅವಳು. ತಿರುಗಿಸಿದ. "ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!" ಗಾಡಿ ಒಂದು ಸಲ ಹಾವಿನಂತೆ ಹೊರಳಿತು, ಆದರೆ ಅವನ ಕಾಲು ನೆಲದಲ್ಲೇ ಇತ್ತು. "ಎಡ ಬಲ ಬಿಟ್ಹಾಕಿ. ಕಾಂಪೌಂಡ್ ಕಡೆ, ಮರದ ಕಡೆ, ಹಾಗೆ ಹೇಳ್ತೀನಿ. ಈಗ ಸ್ವಲ್ಪ ಮರದ ಕಡೆ. ಸಾಕು. ಸಾಕ್ರೀ. ನೆಟ್ಟಗೆ." ಅವಳು ಮಾತಾಡಿದಾಗಲೆಲ್ಲ ಆ ಮಾತು ಅವನ ಕಿವಿಗಿಂತ ಮೊದಲು ಬೆನ್ನಿಗೆ ತಲುಪುತ್ತಿತ್ತು. ಎದುರಿಗೆ ಮನೆ ಚಿಕ್ಕದಾಗುತ್ತ ಹೋಯಿತು. ವ್ಯಾನು, ಅದರ ಬಾಯಿ ತೆರೆದ ಬಾಗಿಲು, ಹಗ್ಗ ಹಿಡಿದು ನಿಂತ ಭಾಮೈದ, ಕಿಟಕಿಯಲ್ಲಿ ಅಮ್ಮನ ಬಿಳಿ ತಲೆ, ಎಲ್ಲ ನೀಲಿ ಹೊಗೆಯ ಆಚೆ ಕುಗ್ಗಿದವು. ಭಾಮೈದ ಈಗ ನಗುತ್ತಿರಲಿಲ್ಲ, ಬಾಯಿ ತೆರೆದುಕೊಂಡು ನಿಂತಿದ್ದ. ಇವನು ಮೂಗಿನ ಮೇಲೆ ಜಾರಿದ ತನ್ನ ಕನ್ನಡಕ ಸರಿಮಾಡಿಕೊಳ್ಳಬೇಕೆಂದುಕೊಂಡ, ಹ್ಯಾಂಡಲ್ಲಿನಿಂದ ಕೈ ಬಿಡಲಿಲ್ಲ. ಕಾಂಪೌಂಡ್ ಗೋಡೆ ಬಾಗಿ ಬಂದು ಮನೆಯನ್ನು ಅರ್ಧ ಮರೆಮಾಡಿತು, ಆಮೇಲೆ ಪೂರ್ತಿ. ತಿರುವು ದಾಟಿದ್ದರು. ಪಂದ್ಯ ಗೆದ್ದಾಗಿತ್ತು, ಗಾಡಿ ಅವನದೇ, ಇಂಜಿನ್ನನ್ನು ಇನ್ನು ಯಾರೂ ಮುಟ್ಟುವಂತಿಲ್ಲ. ತೋಳು ನೋಯುತ್ತಿತ್ತು, ಅಂಗಿ ಒದ್ದೆಯಾಗಿ ಅವಳ ಬೆನ್ನಿಗೆ ಅಂಟಿತ್ತು.

"ನಿಲ್ಲಿಸ್ಲಾ?" ಎಂದು ಕೇಳಿದ.

"ಯಾಕ್ರೀ? ರಸ್ತೆ ಖಾಲಿ ಇದೆ," ಎಂದಳು ಅವಳು. "ಬನ್ನಿ."